ಗಾಜು ಒಡೆದದ್ದು ಕಸ್ತೂರಿಯ ಕೈಯಲ್ಲ

ಓವನ್ನಿನ ಗಾಜು ಒಡೆದವಳು ನಾನು. ಕಸ್ತೂರಿ ಅಲ್ಲ.

ಏಳು ವರ್ಷದಿಂದ ನಮ್ಮ ಓಣಿಯವರೆಲ್ಲ ಕಸ್ತೂರಿ ಒಡೆದಳು ಅಂತ ತಿಳಿದಿದ್ದಾರೆ. ನನ್ನ ಸೊಸೆ ಸವಿತಾ ನಿನ್ನೆಯವರೆಗೆ ಹಾಗೆ ತಿಳಿದಿದ್ದಳು. ಕಸ್ತೂರಿಯೂ ಹಾಗೇ ತಿಳಿದಿದ್ದಾಳೆ — ಇದು ಎಲ್ಲಕ್ಕಿಂತ ಕೆಟ್ಟದ್ದು. ಮಾಡದ ತಪ್ಪನ್ನು ತಾನೇ ಮಾಡಿದೆ ಅಂತ ನಂಬಿಕೊಂಡು ಅವಳು ಏಳು ವರ್ಷ ಬದುಕಿದಳು. ಮಾಡಿದ ನಾನು ಅವಳ ಎದುರಿಗೇ ಕುಳಿತು, ಅವಳು ಕಲಸಿದ ಹಿಟ್ಟಿನ ನಾನಕಟಾಯಿ ಬಿಸಿಬಿಸಿ ತಿಂದೆ.

ಈಗ ಯಾಕೆ ಹೇಳುತ್ತೀ ಮುದುಕಿ ಅಂದರೆ — ನಾಳೆ ಹೊಸ ಓವನ್ ಆರಿಸಲು ಗದಗಿಗೆ ಹೋಗುವುದಿದೆ. ಮನೆಯಲ್ಲಿ ಇದ್ದದ್ದು ಕೆಟ್ಟಿತು. ಅದರೊಳಗೆ ಕಾಯುವ ಮೇಲಿನ ಕಡ್ಡಿ ಕೆಂಪಾಗುವುದಿಲ್ಲ. ನಾನಕಟಾಯಿ ಬುಡದಲ್ಲಿ ಕರ್ರಗೆ, ನೆತ್ತಿಯಲ್ಲಿ ಬೆಳ್ಳಗೆ ಬರುತ್ತದೆ. ಹೊಸದು ತರೋಣ ಅಂತ ಸವಿತಾ ಅಂದ ದಿನದಿಂದ ನನಗೆ ಕುಳಿತಲ್ಲಿ ಕೂರಲು ಆಗಿಲ್ಲ. ಅಡುಗೆಮನೆಯ ಕಟ್ಟೆಯನ್ನು ಗೇಣು ಹಾಕಿ ಅಳೆದೆ. ಗ್ಯಾಸಿನಿಂದ ಗೋಡೆಯವರೆಗೆ ನಾಲ್ಕು ಗೇಣು. ಸಂಜೆ ಮತ್ತೆ ಅಳೆದೆ, ಅಷ್ಟರಲ್ಲಿ ಕಟ್ಟೆ ಬೆಳೆದಿರುತ್ತದೇನೋ ಅನ್ನುವ ಹಾಗೆ. ಸವಿತಾಳ ಮೊಬೈಲಿನಲ್ಲಿ ಓವನ್ನಿನ ಚಿತ್ರ ನೋಡಿ ನೋಡಿ ಅದರ ಚಾರ್ಜು ಮುಗಿಸಿದೆ. ಒಳಗೆ ದೀಪ ಹತ್ತುವಂಥವು ಬಂದಿವೆ ಈಗ! ಬಾಗಿಲು ತೆರೆಯದೆ ಒಳಗಿನದು ಕೆಂಪಾಯಿತೋ ಇಲ್ಲವೋ ಅಂತ ಹೊರಗೆ ನಿಂತೇ ನೋಡಬಹುದಂತೆ.

“ಅತ್ತೀ, ಲಗ್ನದ ಸೀರಿ ಆರಸುವಾಗರ ನಿಮಗ ಇಷ್ಟ ಹುರುಪ ಇತ್ತೇನ್ರಿ?” ಅಂತ ಸವಿತಾ ನಕ್ಕಳು.

“ಲಗ್ನದ ಸೀರಿ ನನ್ನ ಕೇಳಿ ಯಾರ ತಂದಿದ್ರು? ಹಸರ ತಂದ್ರು. ನನಗ ಕೆಂಪು ಬೇಕಾಗಿತ್ತು,” ಅಂದೆ.

ಸುಳ್ಳಲ್ಲ. ಸೀರೆ ಮಾವ ತಂದರು. ಮನೆ ಗಂಡ ಕಟ್ಟಿಸಿದ, ಅಡುಗೆಮನೆಯ ಕಿಟಕಿ ಎಲ್ಲಿ ಬರಬೇಕು ಅಂತ ಕೂಡ ನನ್ನನ್ನು ಕೇಳಲಿಲ್ಲ. ಮಿಕ್ಸರ್ ಮಗ ತಂದ. ಎಪ್ಪತ್ತು ದಾಟಿದ ಈ ಬಾಳಿನಲ್ಲಿ, ಅಂಗಡಿಯಲ್ಲಿ ನಿಂತು, ಅದು ಬೇಡ ಇದು ಬೇಕು ಅಂತ ನಾನು ಬೆರಳು ಮಾಡಿ ತಂದ ಸಾಮಾನು ಒಂದೇ — ಈಗ ಕೆಟ್ಟಿರುವ ಈ ಓವನ್. ಅದನ್ನು ಆರಿಸುವ ಖುಷಿಗಾಗಿ ನಾನು ಬಾಯಿ ಮುಚ್ಚಿಕೊಂಡೆ. ಇಲ್ಲ, ಹೀಗೆ ಹೇಳಿದರೆ ತಿಳಿಯುವುದಿಲ್ಲ. ಮೊದಲಿನಿಂದ ಹೇಳುತ್ತೇನೆ.

ನಮ್ಮದು ಬೆಟಗೇರಿ. ನಮ್ಮ ಮನೆಗೆ ಬಂದ ಮೊದಲನೆಯ ಓವನ್ ಸವಿತಾ ಮುಂಡರಗಿಯ ತವರಿನಿಂದ ತಂದದ್ದು. ಸಣ್ಣದು. ಮುಂದೆ ಗಾಜಿನ ಬಾಗಿಲು, ಒಳಗೆ ಮೇಲೊಂದು ಕೆಳಗೊಂದು ಕಡ್ಡಿ. ಬೆಂಕಿ ಕಾಣದ ಒಲೆ ಎಂಥ ಒಲೆ ಅಂತ ನಾನು ಮೊದಮೊದಲು ಅದರ ಕಡೆ ನೋಡಲೇ ಇಲ್ಲ. ಸವಿತಾ ಅದರಲ್ಲಿ ನಾನಕಟಾಯಿ ಮಾಡಿ ಒಂದು ತಟ್ಟೆ ಎದುರು ಮನೆಗೆ ಕೊಟ್ಟಳು. ಎದುರು ಮನೆಯ ಸೊಸೆ ತಟ್ಟೆ ತಿರುಗಿ ಕೊಡಲು ಬಂದು, “ಅಕ್ಕಾರ, ಛಲೋ ಆಗ್ಯಾವ. ಆದ್ರ ಹಿಟ್ಟು ಇನ್ನೊಂಚೂರ ನಾದಬೇಕಿತ್ತ ನೋಡ್ರಿ,” ಅಂದಳು.

ಆ ಸೊಸೆಯೇ ಕಸ್ತೂರಿ.

ನೇಕಾರರ ಮನೆಯವಳು. ಮಗ್ಗದ ಮೇಲೆ ಎಳೆ ಹರಿದರೆ, ಬೇರೆ ಕಡೆ ನೋಡುತ್ತ ಮಾತಾಡುತ್ತಲೇ ಬೆರಳಿನಿಂದ ಗಂಟು ಹಾಕುತ್ತಾಳೆ. ಆಮೇಲೆ ಗಂಟು ಎಲ್ಲಿದೆ ಅಂತ ನೀವು ಸೀರೆಯನ್ನು ಬಿಸಿಲಿಗೆ ಹಿಡಿದು ಹುಡುಕಿದರೂ ಸಿಗುವುದಿಲ್ಲ. ಅಂಥ ಕೈ ಹಿಟ್ಟಿಗೆ ಬಿದ್ದ ಮೇಲೆ ಕೇಳಬೇಕೇ? ತುಪ್ಪ ಸಕ್ಕರೆ ತಿಕ್ಕಿ, ರವೆ ಮೈದಾ ಕೂಡಿಸಿ ಅವಳು ನಾದಿದರೆ ನಾನಕಟಾಯಿ ಬಾಯಲ್ಲಿ ಇಟ್ಟ ಕೂಡಲೇ ಇಲ್ಲವಾಗುತ್ತಿತ್ತು. ಅವಳು ನಾದುವುದು, ಇಬ್ಬರೂ ಕೂಡಿ ಬೇಯಿಸುವುದು. ತೊಟ್ಟಿಲಿಗೆ, ನಿಶ್ಚಯಕ್ಕೆ ಅಂತ ಆಚೆ ಓಣಿಯವರೂ ಹೇಳಿ ಮಾಡಿಸತೊಡಗಿದರು. ಆಗ ಕಸ್ತೂರಿ ತಾನೇ ಓವನ್ನಿನ ಬಾಗಿಲು ತೆಗೆದು, ತಾನೇ ತಟ್ಟೆ ಇಟ್ಟು, ತಾನೇ ಇಳಿಸುತ್ತಿದ್ದಳು. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿರಿ.

ನಾನು ದೂರ ಕುಳಿತು ನೋಡುತ್ತಿದ್ದೆ. ನೋಡುತ್ತ ನೋಡುತ್ತ ನನಗೆ ಒಂದು ಆಸೆ ಹುಟ್ಟಿತು. ಈ ಪೆಟ್ಟಿಗೆಯಲ್ಲಿ ಜೋಳದ ರೊಟ್ಟಿ ಇಟ್ಟರೆ ಕಟಕ ಆಗುತ್ತದೆಯೋ? ಒಲೆಯ ಸುತ್ತ ರೊಟ್ಟಿ ಆನಿಸಿ ಇಟ್ಟು, ತಿರುಗಿಸಿ, ಹೊರಳಿಸಿ, ಹಪ್ಪಳದಂತೆ ಕಟಕ ಮಾಡುವ ಹೊತ್ತಿಗೆ ಸೊಂಟ ಬಿದ್ದುಹೋಗುತ್ತದೆ. ಸವಿತಾಳನ್ನು ಕೇಳಿದೆ. ಅವಳು ಮಾಡಬಹುದು ಅಂದಳು. ಆದರೆ ಒಂದು ಮಾತು ಗಟ್ಟಿಯಾಗಿ ಹೇಳಿದಳು.

“ಅತ್ತೀ, ಕೈ ಮುಗೀತೇನಿ, ಇದಕ್ಕ ಮಾತ್ರ ನೀರ ಚಿಮುಕಸಬ್ಯಾಡ್ರಿ. ಕಾದ ಗಾಜಿಗೆ ತಣ್ಣೀರ ಬಿದ್ರ ಸೀಳತೈತಿ.”

“ನನಗಷ್ಟೂ ತಿಳಿಯಂಗಿಲ್ಲೇನ?” ಅಂದೆ.

ಅವಳು ಯಾಕೆ ಹಾಗೆ ಹೇಳಿದಳು ಅಂದರೆ, ಒಲೆಗೆ ನೀರು ಚಿಮುಕಿಸುವುದು ನನ್ನ ಕೈಯ ಚಾಳಿ. ನಮ್ಮ ಅತ್ತೆ ಹಾಕಿಕೊಟ್ಟದ್ದು. ಕಡೆಯ ರೊಟ್ಟಿ ಇಳಿಸಿದ ಕೂಡಲೇ ತಂಬಿಗೆಯಲ್ಲಿ ಬೆರಳು ಅದ್ದಿ ಮೂರು ಸಲ ಒಲೆಯ ಮೇಲೆ ನೀರು ಚಿಮುಕಿಸಬೇಕು. ಆಮೇಲೆ ಏಳಬೇಕು. “ದುಡದ ಒಲಿಗೂ ನೀರಡಿಕಿ ಆಗಿರತೈತಿ, ಹಂಗಽ ಬಿಟ್ಟ ಏಳಬ್ಯಾಡ,” ಅನ್ನುತ್ತಿದ್ದಳು. ಮಣ್ಣಿನ ಒಲೆ ಹೋಗಿ ಗ್ಯಾಸು ಬಂದರೂ ನಾನು ಚಿಮುಕಿಸುತ್ತಲೇ ಇದ್ದೆ. ಗ್ಯಾಸಿನ ಬರ್ನರ್ ಎಷ್ಟು ಸಲ ತುಕ್ಕು ಹಿಡಿಯಿತೋ. ಅದು ಎಲ್ಲರಿಗೂ ಗೊತ್ತು. ಆದ್ದರಿಂದ ಗೊತ್ತಿಲ್ಲದೆ ಮಾಡಿದೆ ಅನ್ನುವ ಹಾಗಿಲ್ಲ. ನನಗೆ ಬಿಡಿಸಿ ಹೇಳಿದ್ದರು.

ಆ ದಿನ ಸವಿತಾ, ನನ್ನ ಮಗ ಇಬ್ಬರೂ ಲಕ್ಷ್ಮೇಶ್ವರಕ್ಕೆ ಮದುವೆಗೆ ಹೋಗಿದ್ದರು. ಮುಂಜಾನೆ ಕಸ್ತೂರಿ ಬಂದು ತಮ್ಮ ಮನೆಯ ಸಲುವಾಗಿ ಒಂದು ತಟ್ಟೆ ನಾನಕಟಾಯಿ ಬೇಯಿಸಿಕೊಂಡಳು. ಓವನ್ ಆರಿದ ಮೇಲೆ ಒಳಗೆಲ್ಲ ಒರೆಸಿ ಬಾಗಿಲು ಹಾಕಿದಳು.

“ದೊಡ್ಡವ್ವಾ, ಸ್ವಿಚ್ ಬಂದ್ ಮಾಡೇನಿ. ಬರ್ತೇನಿ ಹಂಗಾರ,” ಅಂತ ಹೇಳಿ ಹೋದಳು.

ಮನೆಯಲ್ಲಿ ನಾನೊಬ್ಬಳೇ. ಎಂಟು ರೊಟ್ಟಿ ಬಡಿದಿದ್ದೆ. ಓವನ್ ಕಡೆ ನೋಡಿದೆ. ಯಾರೂ ಇಲ್ಲದಾಗ ಮಾಡಿ ನೋಡಬೇಕು ಅನ್ನಿಸಿತು — ಕೆಟ್ಟರೆ ನಗುವವರು ಇರುವುದಿಲ್ಲವಲ್ಲ. ಸ್ವಿಚ್ ಹಾಕಿ, ಸವಿತಾ ತಿರುಗಿಸುವ ಹಾಗೆ ಅದರ ಗುಂಡಿಯ ಕಿವಿ ತಿರುಗಿಸಿದೆ. ಕಡ್ಡಿ ಕೆಂಪಾಯಿತು. ಇಡೀ ರೊಟ್ಟಿ ಒಳಗೆ ಹಿಡಿಯಲಿಲ್ಲ, ಎರಡು ತುಂಡು ಮಾಡಿ ಜಾಲರಿಯ ಮೇಲೆ ಇಟ್ಟೆ. ಚಹಾ ಕುಡಿದು ಬಂದು ನೋಡುತ್ತೇನೆ — ಆಹಾ! ಮುರಿದರೆ ಪಟ್ ಅನ್ನುತ್ತದೆ! ತಿರುಗಿಸಿಲ್ಲ, ಹೊರಳಿಸಿಲ್ಲ, ಹೊಗೆ ಇಲ್ಲ, ಕಣ್ಣಲ್ಲಿ ನೀರಿಲ್ಲ. ಅಂಚು ಕೂಡ ಸುಟ್ಟಿಲ್ಲ. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಗಟ್ಟಿಯಾಗಿ ನಕ್ಕೆ. ಉಳಿದವನ್ನೂ ಒಂದರ ಹಿಂದೆ ಒಂದು ಇಟ್ಟೆ, ತೆಗೆದೆ. ನನಗಿಂತ ನನ್ನ ಕೈಗೇ ಹೆಚ್ಚು ಹುರುಪು.

ಕಡೆಯದನ್ನು ಇಳಿಸಿ ಬಾಗಿಲು ಹಾಕಿದೆ. ಮತ್ತೆ ಆ ಕೈಯೇ ತಂಬಿಗೆಗೆ ಹೋಯಿತು. ಒಂದು ಸಲ ಚಿಮುಕಿಸಿದೆ. ಎರಡನೆಯ ಸಲ —

ಟಣ್ ಅಂದಿತು.

ಮೇಲಿನ ಮೂಲೆಯಿಂದ ಕೆಳಗಿನ ಮೂಲೆಯವರೆಗೆ ಒಂದೇ ಗೆರೆ. ಮೂರನೆಯ ಸಲದ ನೀರು ಇನ್ನೂ ನನ್ನ ಬೆರಳಿನ ತುದಿಯಲ್ಲಿ ಇತ್ತು.

ಹೆದರಿದೆ. ಆದರೆ ಇದ್ದದ್ದು ಹೇಳಬೇಕು — ನೀರು ಒರೆಸಿ, ಸ್ವಿಚ್ ಬಂದ್ ಮಾಡಿ, ಶೇಂಗಾ ಹಿಂಡಿ ಚಟ್ನಿ ಹಚ್ಚಿಕೊಂಡು ಎರಡು ರೊಟ್ಟಿ ತಿಂದೆ. ಹೆದರಿಕೆಯಲ್ಲೂ ರುಚಿಯಾಗಿದ್ದವು. ಉಳಿದವನ್ನು ಡಬ್ಬಿಯ ತಳಕ್ಕೆ ಹಾಕಿ ಮೇಲೆ ಹಳೆಯ ರೊಟ್ಟಿ ಮುಚ್ಚಿದೆ. ಆಗಲೇ ಮುಚ್ಚಿಡುವ ಬುದ್ಧಿ ಶುರುವಾಗಿತ್ತು.

ಮರುದಿನ ಸವಿತಾ ಬಂದಳು. ಕೈಕಾಲು ತೊಳೆದು ಅಡುಗೆಮನೆಗೆ ಹೋದವಳು ಅಲ್ಲಿಂದಲೇ ಕೂಗಿದಳು. “ಅಯ್ಯ! ಅತ್ತೀ, ಇದೇನಾತ್ರಿ ಇದು? ಯಾರ ಮುಟ್ಟಿದ್ರು?”

ನಾನು ಹೊರಗೆ ಜೋಳ ಹಸನು ಮಾಡುತ್ತಿದ್ದೆ. ಮೊರದಿಂದ ತಲೆ ಎತ್ತಲಿಲ್ಲ.

“ಕಡೀಕ ಬಾಗಲಾ ಹಾಕಿದಾಕಿ ಕಸ್ತೂರಿ ನೋಡು,” ಅಂದೆ.

ಇಷ್ಟೇ. ಕಸ್ತೂರಿ ಒಡೆದಳು ಅಂತ ನಾನು ಅನ್ನಲಿಲ್ಲವಲ್ಲ ಅಂತ ಎಷ್ಟೋ ದಿನ ನನಗೆ ನಾನೇ ವಾದ ಹೇಳಿಕೊಂಡೆ. ಹೊಲಸು ವಾದ. ಕಡೆಗೆ ಬಾಗಿಲು ಹಾಕಿದವಳು ನಾನು. ಅದು ಅರ್ಧ ಸುಳ್ಳಲ್ಲ, ಪೂರ್ತಿ ಸುಳ್ಳು. ಅವಳ ಹೆಸರು ಯಾಕೆ ಬಂತು ಬಾಯಲ್ಲಿ? ಬೆಕ್ಕು ಅನ್ನಬಹುದಾಗಿತ್ತು. ಗೊತ್ತಿಲ್ಲ ಅನ್ನಬಹುದಾಗಿತ್ತು. ಬೈದರೂ ತಿರುಗಿ ಬೀಳುವವರಲ್ಲ ಅಂತ ಗೊತ್ತಿದ್ದವರ ಹೆಸರೇ ಮೊದಲು ಬರುತ್ತದೆ —

ಸವಿತಾ ಕಸ್ತೂರಿಯನ್ನು ಕರೆದಳು. ಅವಳು ಕೈ ಒರೆಸಿಕೊಳ್ಳುತ್ತ ಬಂದಳು. ಗಾಜು ನೋಡಿದಳು. ಆಮೇಲೆ ತನ್ನ ಕೈ ನೋಡಿಕೊಂಡಳು.

“ನಾ ಸಾವಕಾಶ ಹಾಕಿದ್ನಲ್ರಿ ಅಕ್ಕಾರ…” ಅಂದಳು. ಬೆರಳು ಮಡಚಿ ಬಿಚ್ಚಿ ನೋಡಿ, “ಇಲ್ಲ, ಜೋರ ಆತೇನೋ. ಮಗ್ಗದ ಕೈ ನೋಡ್ರಿ ನಂದು, ಬಿರುಸು,” ಅಂದಳು.

ಅವಳು ಜಗಳ ತೆಗೆಯಲಿ ಅಂತ ನಾನು ಕಾಯುತ್ತಿದ್ದೆ. ನಾನಲ್ಲ, ನಿಮ್ಮ ಅತ್ತೆಯನ್ನು ಕೇಳಿರಿ ಅಂದಿದ್ದರೆ — ಅಂದಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆನೋ ಇಲ್ಲವೋ, ಹೇಳಲಾರೆ. ಅವಳು ಅನ್ನಲಿಲ್ಲ. ಮೊರದಲ್ಲಿ ಕಲ್ಲು ಹುಡುಕುತ್ತ ನಾನು ಎಲ್ಲ ಕೇಳಿಸಿಕೊಂಡೆ.

ಸವಿತಾ ಬೈಯಲಿಲ್ಲ. “ಇರ್ಲಿ ಬಿಡು ಕಸ್ತೂರಿ, ಸಾಮಾನ ಅಂದ ಮ್ಯಾಲೆ ಒಡೀತಾವ,” ಅಂದಳು. ಆದರೆ ತೊಟ್ಟಿಲಿಗೆ ಹೇಳಿದವರಿಗೆ ನಾನಕಟಾಯಿ ತಡವಾಗುತ್ತದೆ ಅಂತ ತಿಳಿಸಬೇಕಾಗಿತ್ತು, ಯಾಕೆ ಅಂತ ಅವರು ಕೇಳಿದರು, ಕಸ್ತೂರಿ ತಾನೇ ಹೇಳಿದಳು. ಹಾಗೆ ಓಣಿಗೆಲ್ಲ ಆಯಿತು.

ರಿಪೇರಿಯವನು ಬಂದು ಆ ಗಾಜು ಈಗ ಸಿಗುವುದಿಲ್ಲ, ಹೊಸದೇ ತೆಗೆದುಕೊಳ್ಳಿರಿ ಅಂದ. ಅವನು ಹೋದ ಮೇಲೆ ಸವಿತಾ ನನ್ನ ಹತ್ತಿರ ಬಂದು ಕುಳಿತಳು.

“ಅತ್ತೀ, ತರೂದು ತರತೇವಿ, ಈ ಸಲ ದೊಡ್ಡದ ತರೂಣು. ನೀವೂ ಬರ್ರಿ. ನಿಮ್ಮ ರೊಟ್ಟಿ ಹಿಡಸೂ ಹಂಗ ನೀವಽ ಆರಸ್ರಿ.”

ನೀವೇ ಆರಿಸಿರಿ! ನನ್ನ ಎದೆ ಹೇಗೆ ಹಾರಿತು ಅಂದರೆ… ಅದುವರೆಗೆ ನಾನು ಸುಮ್ಮನಿದ್ದದ್ದು ಹೆದರಿಕೆಗೆ. ಅವತ್ತಿನಿಂದ ಸುಮ್ಮನಿದ್ದದ್ದು ಆಸೆಗೆ. ನಾನು ಒಡೆದೆ ಅಂದರೆ ಹೊಸದು ಆರಿಸಲು ಒಡೆದವಳನ್ನು ಯಾರು ಕರೆದುಕೊಂಡು ಹೋಗುತ್ತಾರೆ? ಇಡೀ ರೊಟ್ಟಿ ಹಿಡಿಯುವ ದೊಡ್ಡ ಓವನ್ ಒಂದು ಕಡೆ, ಎದುರು ಮನೆಯ ಹೆಣ್ಣುಮಗಳ ಹೆಸರು ಒಂದು ಕಡೆ. ನಾನು ಓವನ್ ಆರಿಸಿದೆ. ನನ್ನ ತಪ್ಪು ಇದು. ಗಾಜು ಒಡೆದದ್ದು ಇದರ ಮುಂದೆ ಏನೂ ಅಲ್ಲ.

ಆ ದಿನದ ಸುಖವನ್ನೂ ಮುಚ್ಚಿಡುವುದಿಲ್ಲ. ಸವಿತಾ, ಕಸ್ತೂರಿ, ನಾನು ಮೂವರೂ ಆಟೋದಲ್ಲಿ ಗದಗಿಗೆ ಹೋದೆವು. ನನ್ನ ತೊಡೆಯ ಮೇಲೆ ಒಂದು ಇಡೀ ಕಟಕ ರೊಟ್ಟಿ, ಬಿಳಿ ಬಟ್ಟೆಯಲ್ಲಿ ಸುತ್ತಿದ್ದು. ಅಳತೆಗೆ. ಅಂಗಡಿಯಲ್ಲಿ ಗೋಡೆಯ ಉದ್ದಕ್ಕೂ ಓವನ್ನುಗಳು, ಎಣಿಸಿದೆ, ಹನ್ನೆರಡು. ಕರಿಯವು, ಕೆಂಪು ಕಿವಿಯವು, ಬೆಳ್ಳಿಯಂತೆ ಹೊಳೆಯುವವು. ಒಂದೊಂದರ ಬಾಗಿಲು ತೆಗೆದೆ, ಹಾಕಿದೆ. ಮತ್ತೆ ತೆಗೆದೆ.

“ಆಯಿ, ಇದು ಇಪ್ಪತ್ತೈದು ಲೀಟರ್, ಅದು ನಲವತ್ತು ಲೀಟರ್,” ಅಂದ ಅಂಗಡಿಯವ.

“ಲೀಟರ್? ನಾ ಏನ ಎಮ್ಮಿ ಹಾಲ ಕೇಳಾಕ ಬಂದೇನೇನು? ರೊಟ್ಟಿ ಎಷ್ಟ ಹಿಡೀತಾವ ಹೇಳು.”

“ರೊಟ್ಟಿ ಲೆಕ್ಕ ಕಂಪನಿಯವ್ರು ಬರದಿಲ್ರಿ ಆಯಿ.”

“ಅವರ ಬರದಿಲ್ಲಂದ್ರ ನಾ ಅಳೀತೇನಿ, ಸರಿ,” ಅಂತ ಬಟ್ಟೆ ಬಿಚ್ಚಿ ರೊಟ್ಟಿ ಹೊರಗೆ ತೆಗೆದೆ.

ಅಂಗಡಿಯಲ್ಲಿದ್ದವರೆಲ್ಲ ನೋಡಲು ಬಂದರು. ನೋಡಲಿ. ಮೊದಲನೆಯದರಲ್ಲಿ ಅಂಚು ತಾಕಿತು. ಎರಡನೆಯದರಲ್ಲಿ ಬಾಗಿಲು ಕೂರಲಿಲ್ಲ. ಆಮೇಲೆ ಅವನು ಬೇರೆ ಥರದ್ದೊಂದು ತೋರಿಸಿದ. ಒಳಗೆ ಕಡ್ಡಿಯೇ ಇಲ್ಲ, ಗಾಜಿನ ತಟ್ಟೆ ಗರಗರ ತಿರುಗುತ್ತದೆ.

“ಇದರಾಗ ಎರಡ ನಿಮಿಷದಾಗ ಬಿಸಿ ಆಗತೈತ್ರಿ. ಸ್ಟೀಲ್ ಪಾತ್ರಿ ಮಾತ್ರ ಇಡಂಗಿಲ್ಲ.”

“ರೊಟ್ಟಿ ಕಟಕ ಆಗತೈತೇನು?”

“ಇಲ್ರಿ, ಮೆತ್ತಗ ಆಗತೈತಿ.”

“ಮೆತ್ತಗ ಆಗಾಕ ಕರೆಂಟ ಯಾಕ ಬೇಕು? ಹಸಿ ಬಟ್ಟ್ಯಾಗ ಸುತ್ತಿಟ್ರ ತಾನಽ ಆಗತೈತಿ. ಮುಂದ ನಡಿ.”

ಸವಿತಾ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಇನ್ನೊಂದರಲ್ಲಿ ಉದ್ದನೆಯ ಸಲಾಕಿ ಇತ್ತು. ಇದು ಯಾತಕ್ಕ ಅಂದೆ. ಕೋಳಿ ಚುಚ್ಚಿ ತಿರುಗಿಸಾಕ್ರಿ ಅಂದ.

“ಶಿವನ! ಬದನಿಕಾಯಿ ಚುಚ್ಚಾಕ ಬರತೈತೋ ಇಲ್ಲೋ ಅಷ್ಟ ಹೇಳು.”

“ಬರತೈತ್ರಿ,” ಅಂದ, ಅವನೂ ನಗುತ್ತ.

ಅದೇ ಓವನ್ನಿನಲ್ಲಿ ರೊಟ್ಟಿ ಇಟ್ಟೆ. ಎಲ್ಲಿಯೂ ತಾಕದೆ ಇಡಿಯಾಗಿ ಒಳಗೆ ಕುಳಿತಿತು. ಬಾಗಿಲು ಹಾಕಿದೆ. ಕೂತಿತು! ಮೇಲಿನ ಕಡ್ಡಿಗೆ ಒಂದು ಕಿವಿ, ಕೆಳಗಿನದಕ್ಕೆ ಬೇರೆ ಕಿವಿ. ಬಾಗಿಲು ಮಧ್ಯದಲ್ಲಿ ಬಿಟ್ಟರೆ ದಡಕ್ಕನೆ ಬೀಳದೆ ಅಲ್ಲೇ ನಿಲ್ಲುತ್ತದೆ. “ಇದಽ ನೋಡ ಸವಿತಾ, ಇದಽ! ಪೂರಾ ರೊಟ್ಟಿ ಹಿಡೀತು!” ಅಂತ ಕೂಗಿದೆ. ಜೀವನದಲ್ಲಿ ಅಷ್ಟು ಗಟ್ಟಿಯಾಗಿ ಹತ್ತು ಮಂದಿಯ ಮುಂದೆ ಕೂಗಿದವಳಲ್ಲ.

ಆಗಲೇ ಅಂಗಡಿಯವ ಕೇಳಿದ: “ಹಳೇದಕ್ಕ ಏನಾಗಿತ್ರಿ?”

ಹಿಂದಿನಿಂದ ಕಸ್ತೂರಿಯ ದನಿ ಬಂತು: “ನನ್ನ ಕೈಲೆ ಒಡೀತ್ರಿ.”

“ಹಂಗಾರ ಈ ಅಕ್ಕಾರ್ನ ಒಂಚೂರ ದೂರ ನಿಲ್ಲಸ್ರಿ,” ಅಂದ ಅವನು.

ಚೇಷ್ಟೆಗೆ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಕಸ್ತೂರಿಯೂ ನಕ್ಕಳು. ನಕ್ಕು, ಖರೆಯೇ ಎರಡು ಹೆಜ್ಜೆ ಹಿಂದೆ ಸರಿದಳು. ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು. ನಾನು ಹನ್ನೆರಡು ಬಾಗಿಲು ತೆಗೆದು ಹಾಕಿದ್ದೆ, ಅವಳು ಒಂದನ್ನೂ ಮುಟ್ಟಲಿಲ್ಲ. ನನ್ನ ಕಣ್ಣಿಗೆ ಅದು ಕಂಡಿತು. ಕಿವಿಗೂ ಕೇಳಿಸಿತ್ತು, ನನ್ನ ಕಿವಿ ಆಗ ಚೆನ್ನಾಗಿದ್ದವು. ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡೆ. ಹೇಳಲಿಲ್ಲ.

ಮನೆಗೆ ಬಂದು ಹೊಸ ಓವನ್ ಕಟ್ಟೆಯ ಮೇಲೆ ಇಟ್ಟೆವು. ಕಸ್ತೂರಿ ಹಿಟ್ಟು ನಾದಿ, ಉಂಡೆ ಮಾಡಿ, ತಟ್ಟೆಯಲ್ಲಿ ಜೋಡಿಸಿ, “ಅಕ್ಕಾರ, ನೀವಽ ಇಡ್ರಿ,” ಅಂದಳು. ಅವತ್ತಿನಿಂದ ಏಳು ವರ್ಷ, ನೀವೇ ಇಡಿರಿ, ನೀವೇ ತೆಗೆಯಿರಿ. ಒಂದು ದಿನವೂ ಅವಳು ಆ ಬಾಗಿಲಿಗೆ ಕೈ ಹಚ್ಚಲಿಲ್ಲ. ನಾನು ಅದರಲ್ಲಿ ರೊಟ್ಟಿ ಕಟಕ ಮಾಡಿಕೊಂಡು, ಬದನೆಕಾಯಿ ಸುಟ್ಟುಕೊಂಡು ಹಾಯಾಗಿದ್ದೆ. ನೀರು ಮಾತ್ರ ಮತ್ತೆಂದೂ ಚಿಮುಕಿಸಲಿಲ್ಲ. ಅಷ್ಟು ಬುದ್ಧಿ ಬಂದಿತ್ತು ನೋಡಿರಿ, ಬಾಯಿ ಬಿಡುವ ಬುದ್ಧಿಯೊಂದು ಬರಲಿಲ್ಲ.

ಹೋದ ವಾರ ಮೇಲಿನ ಕಡ್ಡಿ ಕೆಟ್ಟಾಗ ಸವಿತಾ ಒಂದು ವಿಚಾರ ಮಾಡಿದಳು. ಕಸ್ತೂರಿಯ ಮನೆಯಲ್ಲಿ ಮಗ್ಗ ನಿಂತು ಎರಡು ವರ್ಷವಾಯಿತು. ಅವಳಿಗೆ ತನ್ನದೇ ಅಂತ ಒಂದು ಕೆಲಸ ಬೇಕಾಗಿದೆ.

“ಕಸ್ತೂರಿ, ನಮಗ ದಿನಾ ಬೇಕು, ಅದಕ್ಕ ಹೊಸಾದ ತರತೇವಿ. ಇದಕ್ಕ ಕಡ್ಡಿ ಹಾಕಿಸಿದ್ರ ಇನ್ನೂ ನಡೀತೈತಿ. ನಿನ್ನ ಮನಿಗೆ ಒಯ್ಯಿ. ಆ ಕಡಿ ಓಣಿಯವರದ್ದೆಲ್ಲಾ ನೀನಽ ಹಿಡಿ. ನಿನ್ನ ಕೈಗುಣ ಯಾರಿಗೈತಿ?” ಅಂದಳು.

ಕಸ್ತೂರಿಯ ಮುಖ ಒಮ್ಮೆ ಅರಳಿತು. ನಾನು ನೋಡಿದೆ, ದೀಪ ಹಚ್ಚಿದ ಹಾಗೆ. ಆಮೇಲೆ ಆರಿತು.

“ಬ್ಯಾಡ್ರಿ ಅಕ್ಕಾರ. ನನ್ನ ಕೈಗೆ ಗಾಜು ಆಗಿ ಬರೂದಿಲ್ಲ. ಮಂದಿ ಸಾಮಾನ ಒಡದಾಕಿ ನಾ. ನಾ ಚಾ ಸೈತ ಸ್ಟೀಲ್ ಲೋಟದಾಗ ಕುಡಿತೇನಿ, ನಿಮಗ ಗೊತ್ತಿಲ್ಲೇನು?”

ಯಾಕೆ ಅಂತ ನನಗೆ ಗೊತ್ತಿರಲಿಲ್ಲ. ಏಳು ವರ್ಷದಿಂದ ಅವಳಿಗೆ ಚಹಾ ಹಾಕಿಕೊಡುವವಳು ನಾನೇ. ನಮಗೆಲ್ಲ ಗಾಜಿನ ಲೋಟ. “ದೊಡ್ಡವ್ವಾ, ನನಗ ಸ್ಟೀಲಿಂದಽ ಕೊಡ್ರಿ,” ಅನ್ನುತ್ತಿದ್ದಳು. ಬಿಸಿ ಹೆಚ್ಚು ಹೊತ್ತು ಇರಲಿ ಅಂತ ಇರಬಹುದು ಅಂದುಕೊಂಡಿದ್ದೆ. ಒಂದು ಮಾತು, ಮೊರದಿಂದ ತಲೆ ಎತ್ತದೆ ಅಂದ ಒಂದು ಮಾತು, ಈ ಹೆಣ್ಣುಮಗಳ ಕೈಯೊಳಗೆ ಹೊಕ್ಕು ಕುಳಿತುಬಿಟ್ಟಿದೆ. ಈಗ ಅವಳಿಗೆ ಬರುವ ಅನ್ನಕ್ಕೂ ಅಡ್ಡ ನಿಂತಿದೆ.

ನಿನ್ನೆ ಮುಂಜಾನೆ ಸವಿತಾ ಹಾಲು ಕಾಯಿಸುತ್ತಿದ್ದಾಗ ಹೇಳಿದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. “ಅವತ್ತ ಗಾಜು ಒಡದಾಕಿ ನಾನು. ನೀರ ಚಿಮುಕಿಸಿದೆ,” ಅಂದೆ.

ಅವಳು ಗ್ಯಾಸು ಬಂದ್ ಮಾಡಿದಳು. ನನ್ನ ಕಡೆ ತಿರುಗಿದಳು.

“ಏಳ ವರ್ಷ, ಅತ್ತೀ?”

“ಹೂಂ.”

“ಅವತ್ತಽ ಹೇಳಿದ್ರ ನಾ ಏನ ನಿಮ್ಮನ್ನ ನುಂಗತಿದ್ನೇನ್ರಿ?”

“ನುಂಗತಿದ್ದಿಲ್ಲ. ಅಂಗಡಿಗೆ ಕರಕೊಂಡ ಹೋಗತಿದ್ದಿಲ್ಲ.”

ಅವಳು ನಗಲಿಲ್ಲ. ನನ್ನ ಮಾತಿಗೆ ನಗುವವಳು, ನಿನ್ನೆ ನಗಲಿಲ್ಲ. ಹಾಲು ಇಳಿಸಿ, ಮುಚ್ಚಿ, “ನನ್ನ ಮುಂದ ಹೇಳಿ ಏನ ಬಂತು? ಆಕಿ ಮುಂದ ಹೇಳ್ರಿ,” ಅಂತ ಹೊರಗೆ ಹೋದಳು. ಸಂಜೆಯವರೆಗೆ ನನ್ನ ಜೊತೆ ಮಾತಾಡಲಿಲ್ಲ. ಸರಿಯಾಗಿಯೇ ಮಾಡಿದಳು.

ಎದುರಿಗೆ ನಿಂತರೆ ನಾನು ಮತ್ತೆ ಅರ್ಧ ಹೇಳಿ ಅರ್ಧ ನುಂಗುತ್ತೇನೆ. ಅದಕ್ಕೇ ಬರೆದೆ. ಇನ್ನು ಮುಂದಿನದು ನಿನಗೆ, ಕಸ್ತೂರಿ. ಮೂರನೆಯ ಈಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ, ಸಾವಕಾಶ ಓದು.

ಆ ದಿನ ಮುಂಜಾನೆ ನೀನು ಬಾಗಿಲು ಹಾಕಿದಾಗ ನಾನು ಅಡುಗೆಮನೆಯಲ್ಲೇ ಕುಳಿತಿದ್ದೆ. ಸದ್ದೇ ಆಗಲಿಲ್ಲ. ಅಷ್ಟು ಹಗುರ ಹಾಕಿದೆ ನೀನು. ಆಮೇಲೆ ಆ ಬಾಗಿಲನ್ನು ಹತ್ತು ಸಲ ತೆಗೆದು ಹತ್ತು ಸಲ ಹಾಕಿದವಳು ನಾನು, ಕಾದ ಗಾಜಿಗೆ ನೀರು ಹಾಕಿದವಳು ನಾನು. ನಿನ್ನ ಕೈಯಲ್ಲಿ ಯಾವ ದೋಷವೂ ಇಲ್ಲ. ಇರಲೂ ಇಲ್ಲ. ಮುಪ್ಪು, ಚಾಳಿ, ಹೆದರಿಕೆ ಅಂತ ನಾನು ಏನಾದರೂ ಹೇಳಲು ಬಂದರೆ ನಂಬಬೇಡ. ನನಗೆ ಆ ಅಂಗಡಿಗೆ ಹೋಗಬೇಕಾಗಿತ್ತು, ಅದಕ್ಕೆ ಸುಮ್ಮನಿದ್ದೆ.

ನಾಚಿಕೆಗೆಟ್ಟ ಮನಸ್ಸು ಇದು — ಇಷ್ಟು ಬರೆಯುವಾಗಲೂ ನಾಳೆ ಅಂಗಡಿಯಲ್ಲಿ ದೀಪ ಹತ್ತುವ ಓವನ್ ಮೊದಲು ನೋಡಬೇಕು, ಜಾಲರಿ ಎಷ್ಟು ಅಂತಸ್ತಿನದು ಕೇಳಬೇಕು ಅಂತ ಓಡುತ್ತಿದೆ. ಓಡಲಿ. ನಾನು ಹೋಗುವುದಿಲ್ಲ. ನಾಳೆ ಸವಿತಾಳ ಜೊತೆ ಆಟೋದಲ್ಲಿ ನೀನು ಹೋಗು. ನಾನು ಬಂದರೆ ಎಲ್ಲ ಬಾಗಿಲನ್ನೂ ನಾನೇ ತೆಗೆಯುತ್ತೇನೆ, ನಿನಗೆ ಒಂದನ್ನೂ ಬಿಡುವುದಿಲ್ಲ, ನನ್ನ ಬುದ್ಧಿ ನನಗೆ ಗೊತ್ತು. ನೀನು ತೆಗೆ. ಗಾಜು ಹಿಡಿದು ನೋಡು. ಎರಡು ಕಡ್ಡಿಗೂ ಬೇರೆ ಬೇರೆ ಕಿವಿ ಇದೆಯೋ — ಇಲ್ಲ, ಬಿಡು. ನಾನು ಹೇಳಿಕೊಡುವುದಿಲ್ಲ. ಹೊಸದನ್ನು ನೀನು ಆರಿಸು. ಹಳೆಯದಕ್ಕೆ ಕಡ್ಡಿ ಹಾಕಿಸಿ ನಿನ್ನ ಮನೆಗೆ ಒಯ್ಯುವುದೂ ಬಿಡುವುದೂ ನಿನ್ನ ಮನಸ್ಸು.

ನಾಳೆ ಮುಂಜಾನೆ ಈ ಹಾಳೆಗಳನ್ನು ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ. ಓದಿ ಮುಗಿಸುವ ತನಕ ಎದ್ದು ಹೋಗುವುದಿಲ್ಲ. ಏನು ಅನ್ನಬೇಕೋ ಅನ್ನು. ಏನೂ ಅನ್ನಬಾರದು ಅನ್ನಿಸಿದರೆ ಅದಕ್ಕೂ ಕುಳಿತಿರುತ್ತೇನೆ.

ನೀವಿಬ್ಬರೂ ಗದಗಿನ ಕಡೆ ಹೊರಟ ಮೇಲೆ ನನಗೂ ಒಂದು ಕೆಲಸ ಇದೆ. ನಮ್ಮ ಓಣಿಯಲ್ಲಿ ಹದಿನಾಲ್ಕು ಮನೆ. ಪ್ರತಿ ಮನೆಗೂ ಹೋಗಿ, ಅವರವರ ಹೊಸ್ತಿಲಲ್ಲಿ ನಿಂತು, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಯಾರದಾದರೂ ಬಾಗಿಲು ಹಾಕಿದ್ದರೆ ಅವರ ಕಟ್ಟೆಯ ಮೇಲೆ ಕುಳಿತು, ಬರುವ ತನಕ ಕಾಯುತ್ತೇನೆ.